ಮೊದಲ ತಾಯಿಯ ಹೆಸರು

ದ್ವೀಪದೇಶದ ರಾಜಧಾನಿ ಹೊನಿಯಾರಾದ ಕೋರ್ಟಿನ ಜಗಲಿಯಲ್ಲಿ ಕೂತು ವಕೀಲೆ ನೆಸ್ತಾ ಸಾಕ್ಷಿಯ ಹೇಳಿಕೆಯನ್ನು ಕೊನೆಯ ಸಲ ಓದಿ ಹೇಳುತ್ತಿದ್ದಳು. ಒಂಬತ್ತೂವರೆಗೆ ವಿಚಾರಣೆ. ಪಕ್ಕದಲ್ಲಿ ಅವಳ ಅಜ್ಜಿಯ ತಂಗಿ ಜೆರೂಶಾ, ನಾಲ್ಕು ಗಂಟೆ ಲಾರಿಯಲ್ಲಿ ಕುಲುಕಿಕೊಂಡು ಬಂದವಳು, ಅಡಿಕೆ ಜಗಿಯುತ್ತ ಹೂಂಗುಡುತ್ತಿದ್ದಳು. ಹೊಳೆಬಾಯಿಯ ನೆಲದಲ್ಲಿ ಮೊದಲು ಒಲೆ ಹೊತ್ತಿಸಿದ ತಾಯಿ ವಾತೂಕಿ ಎಂಬ ಸಾಲು ಬಂದಾಗ ಮುದುಕಿ ಕಿಸಕ್ಕನೆ ನಕ್ಕಳು.

"ಯಾಕಜ್ಜಿ?"

"ವಾತೂಕಿ ನಮ್ಮಮ್ಮ ಸಾಕಿದ್ದ ಹಂದಿ ಹೆಸರು ಕಣೆ. ಒಳ್ಳೇ ಹಂದಿ."

ನೆಸ್ತಾಳ ಕೈಯಲ್ಲಿದ್ದ ಹಾಳೆ ಅಲ್ಲೇ ನಿಂತಿತು. "ನೀನೇ ಅಲ್ವಾ ಹೇಳಿದ್ದು? ಬೈಬಲ್ ಮೇಲೆ ಕೈಯಿಟ್ಟು ಹೆಬ್ಬೆಟ್ಟು ಒತ್ತಿದ್ದೀಯ."

"ಒತ್ತಿದೆ. ನಿಜವಾದ ಹೆಸರು ಕಾಗದದಲ್ಲಿ ಬರೆಸಿ ಎದುರಾಳಿ ಲಿಯೋನಾರ್ಡನ ಕೈಗೆ ಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ? ನಮ್ಮಮ್ಮನೂ ಸರ್ಕಾರದೋರು ಬಂದಾಗ ಒಂದು ಹೆಸರು ತಪ್ಪಾಗೇ ಹೇಳಿದ್ಲು. ಬಾಯಲ್ಲಿ ಹೇಳೋ ಹೊತ್ತಿಗೆ ಸರಿ ಮಾಡಿದ್ರಾಯ್ತು."

ಅಜ್ಜಿಯ ಊರಿರುವ ಕಣಿವೆಯಲ್ಲಿ ನೆಲ ತಾಯಿಯಿಂದ ಮಗಳಿಗೆ ಬರುತ್ತದೆ. ಮೊದಲ ತಾಯಿಯವರೆಗೆ ತಾಯಂದಿರ ಹೆಸರನ್ನು ತಪ್ಪದೆ ಹೇಳಬಲ್ಲವರದೇ ನೆಲ. ಬೇರೆ ಹಕ್ಕುಪತ್ರವಿಲ್ಲ, ಆ ಹೆಸರುಗಳೇ ಹಕ್ಕುಪತ್ರ. ಅವು ಪರರ ಬಾಯಿಗೆ ಬಿದ್ದರೆ ಮನೆಯ ಕೀಲಿಕೈಯನ್ನು ದಾರಿಯಲ್ಲಿ ಬಿಟ್ಟು ಬಂದ ಹಾಗೆ.

ಹಿಂದೆ ಮೂವರು ಮುಖಂಡರು ಮಾವಿನ ಮರದಡಿ ಕೂತು ಇಂಥ ವ್ಯಾಜ್ಯ ಕೇಳುತ್ತಿದ್ದರು. ಈ ಹೊಳೆಬಾಯಿಯ ವ್ಯಾಜ್ಯವನ್ನೇ ಒಂಬತ್ತು ವರ್ಷ ಕೇಳಿದರು. ಅಷ್ಟರಲ್ಲಿ ಇಬ್ಬರು ತೀರಿಕೊಂಡರು, ಮೂರನೆಯವನು ಮರ ಕಡಿಯುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಹಾಗಾಗಿ ಸುಧಾರಣೆ ಬಂತು. ಎರಡೂ ಕಡೆಯವರು ಪ್ರಮಾಣ ಮಾಡಿದ ಹೇಳಿಕೆಯನ್ನು ಮೊದಲೇ ಕೊಡಬೇಕು, ಎದುರಾಳಿಗೆ ಒಂದು ಪ್ರತಿ ಹೋಗಬೇಕು, ನ್ಯಾಯಾಧೀಶರು ಓದಿಕೊಂಡು ಬಂದು ಒಂದೇ ದಿನದಲ್ಲಿ ಮುಗಿಸಬೇಕು. ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ಇಲ್ಲವೆನ್ನುವುದಿಲ್ಲ. ಒಬ್ಬ ಮುದುಕಿಯನ್ನಾದರೂ ಕೇಳಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ನೆಸ್ತಾ ಓದಿದ ಕಾನೂನು ಕಾಲೇಜಿನಲ್ಲಿ ಈ ಹೊಸ ನಿಯಮಗಳಿಗೆ ಇಡೀ ವರ್ಷ, ಊರ ಪದ್ಧತಿಗೆ ಒಂದು ವಾರ. ಆ ವಾರವೂ ಮಧ್ಯಾಹ್ನದ ಊಟದ ಮೇಲಿನ ಪಾಠ, ಅರ್ಧ ತರಗತಿ ತೂಕಡಿಸುತ್ತಿತ್ತು. ಎರಡರಲ್ಲೂ ನೆಸ್ತಾಳೇ ಮೊದಲು.

ಈಗ ಹೇಳಿಕೆ ಸುಳ್ಳೆಂದು ಗೊತ್ತಾದ ಮೇಲೂ ಸುಮ್ಮನಿದ್ದರೆ ಅವಳೂ ಸುಳ್ಳುಗಾತಿ, ವಕೀಲಿಕೆಗೆ ಎಳ್ಳುನೀರು. ಬಾಯಿಬಿಟ್ಟರೆ ಅಜ್ಜಿಯ ಹೇಳಿಕೆಯನ್ನೇ ತಳ್ಳಿಹಾಕಬಹುದು. ಆಗ ನೆಲ ಆಚೆ ದಡದ ಲಿಯೋನಾರ್ಡನ ಪಾಲು. ಅದೇ ಮೊದಲ ತಾಯಿ ತನ್ನವಳೂ ಹೌದೆಂದು ಬರೆದುಕೊಟ್ಟು ಅವನಾಗಲೇ ಮರದ ಕಂಪನಿಗೆ ನೆಲ ಬಿಟ್ಟುಕೊಡುವ ಮಾತು ಕೊಟ್ಟಿದ್ದ. ತಿಂಗಳೊಳಗೆ ನಲವತ್ತು ಮನೆಯವರ ಗೆಣಸಿನ ಮಡಿಗಳ ಮೇಲೆ, ಗೋರಿಗಳ ಮೇಲೆ ಯಂತ್ರ ಹರಿದಾಡುತ್ತದೆ.

"ಅಜ್ಜಿ, ನಾನಿದನ್ನ ಹೇಳಲೇಬೇಕು."

"ಯಾರಂದ್ರು?"

"ಕಾಲೇಜಲ್ಲಿ ಹಾಗೇ ಕಲಿಸಿದ್ದಾರೆ."

"ಹೇಳು ಹೋಗು," ಮುದುಕಿ ಅಡಿಕೆ ಉಗಿದಳು. "ಓದಿಸಿದ್ದು ನಾವೇ ಅಲ್ವಾ. ತೆಂಗಿನಕಾಯಿ ಒಣಗಿಸಿ, ಮಾರಿ."

ಒಳಗೆ ನೆಸ್ತಾ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. ಲಿಯೋನಾರ್ಡನ ವಕೀಲ ಕ್ಲೆಮೆಂಟ್, ಕಾಲೇಜಿನಲ್ಲಿ ಅವಳ ಪಕ್ಕದಲ್ಲೇ ಕೂರುತ್ತಿದ್ದವನು, ತಕ್ಷಣ ಎದ್ದು ಸುಳ್ಳು ಹೇಳಿಕೆಯನ್ನು ತಳ್ಳಿಹಾಕಬೇಕೆಂದು ಕೇಳಿಕೊಂಡ. ಬೇರೆ ದ್ವೀಪದಿಂದ ಬಂದಿದ್ದ ನ್ಯಾಯಾಧೀಶರು ಕನ್ನಡಕ ತೆಗೆದು ಮುದುಕಿಯನ್ನು ನೋಡಿದರು.

"ಯಾಕಮ್ಮ ಹೀಗೆ ಮಾಡಿದ್ರಿ?"

"ನಿಮಗೆ ಹೇಳೋಕೆ ಅಡ್ಡಿಯಿಲ್ಲ ಸ್ವಾಮಿ. ಮೊದಲು ಅವರ ಕೈಗೆ ಕೊಡು ಅಂದ್ರಲ್ಲ, ಅದಕ್ಕೆ."

"ಈಗ ಎಲ್ಲರ ಮುಂದೆ ನಿಜವಾದ ಹೆಸರು ಹೇಳಬೇಕು. ಇಲ್ಲ ಅಂದ್ರೆ ನಿಮ್ಮ ಹೇಳಿಕೆ ನಾನು ಲೆಕ್ಕಕ್ಕೆ ತಗೊಳ್ಳೋದಿಲ್ಲ. ನಿಯಮ ಇರೋದೇ ಹಾಗೆ."

ಜೆರೂಶಾ ಸಾಕ್ಷಿಕಟ್ಟೆಯ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ನೆಸ್ತಾಳಿಗೆ ಅವಳ ಮುಖ ನೋಡಲಾಗಲಿಲ್ಲ. ಆಗ ಹಿಂದೆ ಬೆಂಚು ಸರಿದ ಸದ್ದಾಯಿತು. ಲಿಯೋನಾರ್ಡ್ ಎದ್ದಿದ್ದ. ಅವನ ಹಿಂದೆ ಅವನ ಕಡೆಯ ಏಳು ಮಂದಿಯೂ ಎದ್ದರು.

ಕ್ಲೆಮೆಂಟ್ ಅವನ ಅಂಗಿ ಹಿಡಿದು ಜಗ್ಗಿದ. "ಕೂತ್ಕೊಳ್ಳಿ ಮಾವ. ಆ ಹೆಸರಿನವಳು ನಿಮಗೂ ಮೊದಲ ತಾಯಿ ಅಂತ ಬರೆದುಕೊಟ್ಟಿದ್ದೀರಿ. ಎದ್ದು ಹೋದ್ರೆ ಕೇಸೇ ಹೋಯ್ತು."

"ಬರೆದದ್ದು ಕಾಗದದಲ್ಲಿ," ಎಂದ ಲಿಯೋನಾರ್ಡ್. "ಪರರ ತಾಯಿ ಹೆಸರು ಕಿವಿಗೆ ಹಾಕ್ಕೊಂಡು ನಾನು ಮನೆ ಹೊಸಿಲು ತುಳಿಯೋಕಾಗಲ್ಲ ಮಗಾ. ಕೇಸು ನಿನ್ನದು, ಕಿವಿ ನನ್ನದು."

ಪರರ ತಾಯಿ ಎಂದದ್ದು ಎಲ್ಲರಿಗೂ ಕೇಳಿಸಿತು. ಎಂಟು ಮಂದಿಯೂ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ನ್ಯಾಯಾಧೀಶರು ತಲೆ ತಗ್ಗಿಸಿ ಏನನ್ನೋ ಬಹಳ ಹೊತ್ತು ಬರೆದರು. ನೆಲ ಉಳಿಯಿತು ಎಂದು ನೆಸ್ತಾಳಿಗೆ ಆಗಲೇ ಗೊತ್ತಾಯಿತು.

"ಹೇಳಿಬಿಡಿ ಅಮ್ಮ," ಎಂದರು ನ್ಯಾಯಾಧೀಶರು. "ಹೇಳಿಕೆ ತಿದ್ದಬೇಕಲ್ಲ."

ಜೆರೂಶಾ ಅವರ ಕಡೆ ನೋಡದೆ ನೆಸ್ತಾಳ ಕಡೆ ತಿರುಗಿ ಹೇಳಿದಳು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಚಿಕ್ಕ ಹೆಸರು. ಮುದುಕಿ ತನ್ನ ಕೊನೆಗಾಲದಲ್ಲಿ ಹೊಳೆಬಾಯಿಗೆ ಕರೆದುಕೊಂಡು ಹೋಗಿ ನೆಸ್ತಾಳೊಬ್ಬಳ ಕಿವಿಯಲ್ಲಿ ಹೇಳಬೇಕಿದ್ದ ಹೆಸರು. ಪ್ರತಿವಾದಿಯ ಮೇಜಿನ ಬಳಿ ಕ್ಲೆಮೆಂಟ್ ಒಬ್ಬನೇ ಉಳಿದಿದ್ದ. ಅವನ ಪೆನ್ನು ಓಡುತ್ತಿತ್ತು.

"ಅಜ್ಜಿ, ಸರಿಯಾಗಿ ಕೇಳಿಸಲಿಲ್ಲ," ಎಂದ ಅವನು, ತೀರ ಮರ್ಯಾದೆಯಿಂದ. "ಇನ್ನೊಂದು ಸಲ ಹೇಳ್ತೀರಾ?"

ತಡೆಯಲೆಂದು ನೆಸ್ತಾ ಎದ್ದಳು. ಕಲಿತ ನಿಯಮಗಳನ್ನೆಲ್ಲ ಮನಸ್ಸಿನಲ್ಲಿ ತಡಕಾಡಿದಳು. ಯಾವುದೂ ಕೈಗೆ ಸಿಗಲಿಲ್ಲ. ಅವನ ಜಾಗದಲ್ಲಿದ್ದಿದ್ದರೆ ತಾನೂ ಅದನ್ನೇ ಕೇಳುತ್ತಿದ್ದೆ ಎಂದು ಹೊಳೆದು ಅಳು ಬಂತು. ಅವಳು ಕೂತಳು. ಮುದುಕಿ ಕ್ಲೆಮೆಂಟನಿಗೆ ಕೇಳಿಸುವಂತೆ, ಬಿಡಿಸಿ ಬಿಡಿಸಿ, ಹೆಸರನ್ನು ಇನ್ನೊಮ್ಮೆ ಹೇಳಿದಳು.