ನಲವತ್ತನಾಲ್ಕರ ಹ್ಯಾಂಡಲ್

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂದವರು ಯಾರೂ ಆ ಹಸುವಿನ ಕೊಂಬು ಹಿಡಿದು ದಿನಕ್ಕೆ ನಲವತ್ತು ಕಿಲೋಮೀಟರು ಓಡಿದವರಲ್ಲ. ಲಿಖಿತ ಓಡಿದ್ದಳು. ರಾಬರ್ಟ್‌ಸನ್‌ಪೇಟೆಯಿಂದ ಬೇತಮಂಗಲದ ಕಡೆಗೆ ಸೈಕಲ್ ತುಳಿದು ಬರುವಷ್ಟರಲ್ಲಿ ಅವಳ ಕಿರುಬೆರಳು, ಉಂಗುರಬೆರಳು ಎರಡೂ ಜೋಮು ಹಿಡಿದು ತನ್ನವಲ್ಲ ಅನಿಸುತ್ತಿದ್ದವು. ಬೆನ್ನಿನ ಮೇಲ್ಭಾಗದಲ್ಲಿ ಯಾರೋ ಮೊಳೆ ಹೊಡೆದ ಹಾಗೆ ನೋವು. ಹೊಸ ಹ್ಯಾಂಡಲ್ ಹಾಕಿದ ದಿನದಿಂದ ಇದೇ ಕಥೆ.

ಹ್ಯಾಂಡಲ್ ಮಾತ್ರ ಒಳ್ಳೆಯದೇ. ಕಾರ್ಬನ್‌ದು, ಎರಡೇ ಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ಅವಳ ಅಪ್ಪ ಮುನೀಂದ್ರ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದ. ಅಲ್ಲಿನ ಹನ್ನೊಂದು ಮಂದಿ ಸೇರಿ, ತಾಲ್ಲೂಕು ರೇಸಿನಲ್ಲಿ ಗೆದ್ದ ನಮ್ಮ ಹುಡುಗಿಗೆ ಎಂದು ತರಿಸಿಕೊಟ್ಟದ್ದು. ಕೊಟ್ಟರೆ ಸಾಕೆ, ಕೊಟ್ಟವರ ಹೆಸರು ಬೇಡವೆ? ನಮ್ಮ ಕಡೆ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆದು ಬರೆದು ಬೆಳಕಿಗೆ ಹೊರಗೆ ಬರಲು ಜಾಗವೇ ಇರುವುದಿಲ್ಲ. ಹ್ಯಾಂಡಲ್ಲಿನ ನಡುವೆಯೂ ಹಳದಿ ಬಣ್ಣದಲ್ಲಿ 'ತಪಾಸಣೆ ವಿಭಾಗದ ಕೊಡುಗೆ' ಎಂದು ಬರೆಸಿದ್ದರು. ಹಾಗೆ ಬರೆಸಿದ್ದನ್ನು ಯಾವ ಅಂಗಡಿಯವನು ವಾಪಸು ತೆಗೆದುಕೊಂಡು ಬೇರೆ ಅಳತೆಯದು ಕೊಟ್ಟಾನು?

ತೊಂದರೆ ಇದ್ದದ್ದೇ ಅಳತೆಯಲ್ಲಿ. ರೇಸಿನ ಸೈಕಲ್ಲಿನ ಹ್ಯಾಂಡಲ್ ಹೆಚ್ಚುಕಡಿಮೆ ಓಡಿಸುವವರ ಭುಜದಷ್ಟೇ ಅಗಲ ಇರಬೇಕು. ಲಿಖಿತಳ ಹಳೆಯ ಹ್ಯಾಂಡಲ್ ಮೂವತ್ತೆಂಟು ಸೆಂಟಿಮೀಟರಿನದು, ತುಕ್ಕು ಹಿಡಿದು ಗುಜರಿಗೆ ಹೋಗಿತ್ತು. ಇದು ನಲವತ್ತನಾಲ್ಕು. ಆರು ಸೆಂಟಿಮೀಟರು ಏನು ಮಹಾ ಅನ್ನುವವರು ಎರಡು ನಂಬರು ದೊಡ್ಡ ಚಪ್ಪಲಿ ಹಾಕಿಕೊಂಡು ಬೆಟ್ಟ ಹತ್ತಿ ನೋಡಲಿ.

ಅಳತೆ ತಪ್ಪಿದ್ದಾದರೂ ಯಾರ ಕೈಯಲ್ಲಿ! ಇಪ್ಪತ್ತಾರು ವರ್ಷದಿಂದ ಅಳೆಯುವುದೇ ಮುನೀಂದ್ರನ ಕೆಲಸ. ಯಂತ್ರದ ಭಾಗ ಕೂದಲೆಳೆಯಷ್ಟು ಹೆಚ್ಚಿದ್ದರೂ ಕೆಂಪು ಬಣ್ಣ ಬಳಿದು ಆಚೆಗೆ ಎಸೆಯುವವನು. ಆದರೆ ಮಗಳ ಭುಜಕ್ಕೆ ಅವನು ಟೇಪು ಹಿಡಿಯಲಿಲ್ಲ. ಅವಳು ದೊಡ್ಡವಳಾದ ಮೇಲೆ ಅವಳ ಹೆಗಲ ಮೇಲೆ ಅವನು ಕೈ ಇಟ್ಟದ್ದಿಲ್ಲ. ನಮ್ಮ ಕಡೆ ಅಪ್ಪಂದಿರು ಇಡುವುದಿಲ್ಲ. ಅವನು ನೇರವಾಗಿ ರಾಬರ್ಟ್‌ಸನ್‌ಪೇಟೆಯ ಟೈಲರ್ ವೆಂಕಟರತ್ನಮ್ಮನ ಅಂಗಡಿಗೆ ಹೋಗಿ, ಮಗಳ ಟ್ರ್ಯಾಕ್‌ಸೂಟ್ ಹೊಲಿದಾಗಿನ ಅಳತೆ ಪುಸ್ತಕ ತೆಗೆಸಿದ. ಭುಜ ಹದಿನೇಳೂವರೆ ಇಂಚು ಎಂದಿತ್ತು. ಲೆಕ್ಕ ಹಾಕಿ ನಲವತ್ತನಾಲ್ಕು ಸೆಂಟಿಮೀಟರು ಎಂದು ಚೀಟಿಯಲ್ಲಿ ಬರೆದುಕೊಂಡ. ಆಕೆ ಡಿಸೆಂಬರಿನ ಚಳಿಯಲ್ಲಿ ಸ್ವೆಟರಿನ ಮೇಲೇ ಟೇಪು ಹಿಡಿದಿದ್ದಳು, ಸಾಲದ್ದಕ್ಕೆ ಬೆಳೆಯೋ ಮಗು ಎಂದು ಎರಡು ಇಂಚು ಸೇರಿಸಿ ಬರೆದಿದ್ದಳು. ಅದನ್ನು ಅವನು ಕೇಳಲಿಲ್ಲ, ಆಕೆ ಹೇಳಲಿಲ್ಲ.

ಲಿಖಿತ ಒಮ್ಮೆ ಬಾಯಿ ಬಿಟ್ಟು ನೋಡಿದಳು.

"ಅಪ್ಪಾ, ಆಂಡ್ಲು ಸ್ವಲ್ಪ ಅಗಲ ಆಯ್ತೇನೋ."

"ಅಗಲ ಇದ್ರೆ ಎದೆ ತೆರ್ಕಂತದೆ ಕಣಮ್ಮ, ಉಸ್ರು ಚೆನ್ನಾಗಾಡ್ತದೆ. ಒಸದು, ಅಭ್ಯಾಸ ಆಯ್ತದೆ ಬಿಡು. ನಾನೇ ಅಳ್ತೆ ಕೊಟ್ಟು ತರ್ಸಿರೋದು."

ಇಷ್ಟು ಹೇಳಿ ಅವನು ಹ್ಯಾಂಡಲ್ಲನ್ನು ತನ್ನ ಪಂಚೆಯ ಅಂಚಿನಿಂದಲೇ ಒರೆಸಿದ. ಆಮೇಲೆ ಅವಳು ಆ ಮಾತೆತ್ತಲಿಲ್ಲ. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಒಳಗಡೆ, ನಡುವಿನ ಹತ್ತಿರ ಹಿಡಿದು ಓಡಿಸಿ ನೋಡಿದಳು. ಆಗ ಬ್ರೇಕು ಕೈಗೆ ಸಿಗುತ್ತಿರಲಿಲ್ಲ. ಚಾಂಪಿಯನ್ ರೀಫ್ಸ್ ಗಣಿ ಕಡೆಯ ಇಳಿಜಾರಿನಲ್ಲಿ ಒಂದು ಆಟೋಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು.

ಭಾನುವಾರ ಬಂಗಾರಪೇಟೆಯಲ್ಲಿ ಜಿಲ್ಲೆಯ ಆಯ್ಕೆ ರೇಸು. ಮೊದಲು ಬಂದ ಮೂವರು ಹುಡುಗಿಯರಿಗೆ ರಾಜ್ಯದ ತರಬೇತಿ ಶಿಬಿರ. ಲಿಖಿತಳಿಗೆ ಹದಿನೆಂಟು, ಮುಂದಿನ ವರ್ಷ ಆ ವಯಸ್ಸಿನ ಗುಂಪು ದಾಟಿಹೋಗುತ್ತದೆ. ಈ ಸಲ ತಪ್ಪಿದರೆ ತಪ್ಪಿತು.

ಬುಧವಾರ ಅವಳು, ಮೆಕ್ಯಾನಿಕ್ ಪೆರುಮಾಳ್ ಹತ್ತಿರ ಬ್ರೇಕು ಸರಿ ಮಾಡಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ, ಬಂಗಾರಪೇಟೆಯ ಅವನ ಅಂಗಡಿಗೆ ಹೋದಳು. ಅವನು ಸೈಕಲ್ಲು ನೋಡಿದ, ಅವಳನ್ನು ನೋಡಿದ, ನಕ್ಕ.

"ಏನ್ ಪಾಪಾ, ಇದು ಲಾರಿ ಓಡ್ಸೋರ ಆಂಡ್ಲು. ನಿಂಗ್ಯಾರು ಕೊಟ್ರು?"

"ಪ್ರೀತಿಯಿಂದ ಕೊಟ್ಟವ್ರೆ ಅಣ್ಣಾ."

"ಅಯ್ಯೋ. ಹಂಗಾದ್ರೆ ಕಷ್ಟ." ಇಷ್ಟಂದು, ಗೋಡೆಯ ಮೇಲೆ ತೂಗುಹಾಕಿದ್ದ ತನ್ನದೊಂದು ಹಳೆಯ ಮೂವತ್ತೆಂಟರ ಹ್ಯಾಂಡಲ್ ಇಳಿಸಿ ಹಾಕಿಕೊಟ್ಟ. ರೇಸು ಮುಗಿದ ಮೇಲೆ ತಂದುಕೊಡು ಎಂದ.

ವಾಪಸು ಬರುವಾಗ ಲಿಖಿತಳಿಗೆ ಅಳು ಬಂತು. ಸುಖದ ಅಳು. ಮೊಣಕೈ ತಾನಾಗಿ ಬಾಗಿತ್ತು, ಬೆರಳುಗಳಿಗೆ ಜೀವ ಬಂದಿತ್ತು, ಎದುರುಗಾಳಿ ಮೈಬಿಟ್ಟು ಪಕ್ಕಕ್ಕೆ ಸರಿದ ಹಾಗಿತ್ತು. ದೊಡ್ಡ ಹ್ಯಾಂಡಲ್ಲನ್ನು ಟವೆಲಿನಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದಳು. ಸೈಕಲ್ಲಿಗೆ ಹಳೆಯ ಬೆಡ್‌ಶೀಟು ಹೊದಿಸಿ ಹಿತ್ತಲಲ್ಲಿ ನಿಲ್ಲಿಸಿದಳು. ಅಪ್ಪನಿಗೆ ಆ ವಾರ ಎರಡನೇ ಪಾಳಿ, ಮಧ್ಯರಾತ್ರಿ ಬಂದು ತಡವಾಗಿ ಏಳುತ್ತಿದ್ದ, ನೋಡುವ ಸಂಭವವಿರಲಿಲ್ಲ. ಭಾನುವಾರ ಬೆಳಿಗ್ಗೆ ತಾನೊಬ್ಬಳೇ ಹೊರಟುಬಿಟ್ಟರಾಯಿತು ಎಂದುಕೊಂಡಳು.

ಶನಿವಾರ ಅಪ್ಪ ರಜೆ ಹಾಕಿದ್ದ. ಸಂಜೆ ಮಗಳ ಸೈಕಲ್ ಒರೆಸೋಣವೆಂದು ಬೆಡ್‌ಶೀಟು ಎತ್ತಿದ.

"ಲೇ ವನಿತಾ! ಬಾರೇ ಇಲ್ಲಿ!" ಹೆಂಡತಿಯನ್ನು ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಇಣುಕಿದರು. "ಆ ಪೆರುಮಾಳ್ ನಮ್ ಆಂಡ್ಲು ಎತ್ಕಂಡು ಗುಜ್ರಿ ಆಕವ್ನೆ! ಮಗೀಗೆ ಏನ್ ತಿಳೀತದೆ ಅಂತ ಮೋಸ ಮಾಡವ್ನೆ! ಕೊರಳಪಟ್ಟಿ ಇಡ್ದು ಕೇಳ್ಕಂಡ್ ಬತ್ತೀನಿ, ತಕ್ಕೊಡು ಷರ್ಟು!"

ಲಿಖಿತ ಬಾಗಿಲಲ್ಲಿ ನಿಂತಿದ್ದಳು. ಒಂದು ಕ್ಷಣ, ನಾಚಿಕೆಗೇಡು, ಅವಳಿಗೆ ಹಾಯೆನಿಸಿತು. ತಪ್ಪು ಪೆರುಮಾಳನ ತಲೆಗೆ ಹೋಗಿತ್ತಲ್ಲ. ಅಪ್ಪ ಸ್ಕೂಟರಿನ ಕೀ ತೆಗೆದುಕೊಂಡಾಗ ಅವಳಿಗೆ ತಡೆಯಲಾಗಲಿಲ್ಲ.

"ಅವ್ರಲ್ಲಪ್ಪಾ. ನಾನೇ ಬಿಚ್ಚಿಸ್ದೆ. ದೊಡ್ಡದು ಮಂಚದ ಕೆಳ್ಗೈತೆ."

"ಯಾಕೆ?"

"ಅಳ್ತೆ ತಪ್ಪೈತೆ. ಕೈ ಮರಗಟ್ತದೆ ಅಪ್ಪಾ. ದಿನಾ ಮರಗಟ್ತದೆ."

"ಅಳ್ತೆ ತಪ್ಪಾ?" ಅವನ ದನಿ ಇಳಿಯಿತು. "ನಾನ್ ಕೊಟ್ಟಿದ್ದು?"

ಲಿಖಿತ ಒಳಗೆ ಹೋಗಿ ಟೇಪು ತಂದು ಅಮ್ಮನ ಕೈಗೆ ಕೊಟ್ಟು, ಅಪ್ಪನಿಗೆ ಬೆನ್ನು ತಿರುಗಿಸಿ ನಿಂತಳು. ಮುನೀಂದ್ರ ಎರಡು ಹೆಜ್ಜೆ ದೂರದಿಂದಲೇ, ಕಾರ್ಖಾನೆಯಲ್ಲಿ ಹೇಳಿಕೊಡುವ ಹಾಗೆ ಹೇಳತೊಡಗಿದ. "ಮ್ಯಾಲ್ಗಡೆ ಮೂಳೆ ಮುಗಿಯೋ ತಾವ ಇಡು. ಬಟ್ಟೆ ಸೇರಿಸ್ಬ್ಯಾಡ. ಎಳೀಬ್ಯಾಡ, ಮೆತ್ಗೆ." ಆಮೇಲೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. ಮೂವತ್ತೇಳೂವರೆ. ಇನ್ನೊಂದು ಸಲ ಹಿಡಿಸಿದ. ಅಷ್ಟೇ. ಮೂರನೇ ಸಲವೂ ಅಷ್ಟೇ.

"ಆರೂವರೆ," ಎಂದ ಮೆಲ್ಲಗೆ. "ಆರೂವರೆ ಸೆಂಟಿಮೀಟ್ರು ತಪ್ಪು."

ಲಿಖಿತಳ ಎದೆ ತುಂಬಿ ಬಂತು. ಅವಳಪ್ಪ ತಪ್ಪು ಎಂದು ಬಾಯಿಬಿಟ್ಟು ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಇನ್ನೇನು ಮುಗಿಯಿತು ಅಂದುಕೊಂಡಳು. ಅಪ್ಪನ ಮೇಲೆ ಇಷ್ಟು ದಿನ ಒಳಗೊಳಗೇ ಪಟ್ಟ ಸಿಟ್ಟಿಗೆಲ್ಲ ಅವಳಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ವಿಭಾಗದ ಚಂದ್ರಶೇಖರ್. ಆತನ ದನಿ ಹಿತ್ತಲಿಗೆಲ್ಲ ಕೇಳುತ್ತಿತ್ತು. ಬೆಳಿಗ್ಗೆ ಆರು ಗಂಟೆಗೆ ಟೆಂಪೋ, ಹನ್ನೊಂದು ಜನವೂ ಬರುತ್ತಿದ್ದೇವೆ, ಬ್ಯಾನರ್ ರೆಡಿ, ಅದರಲ್ಲಿ ಹುಡುಗಿ ನಮ್ಮ ಹ್ಯಾಂಡಲ್ ಹಿಡಿದಿರೋ ಫೋಟೋ, ಸ್ಟಾರ್ಟಿಂಗಿನಲ್ಲಿ ಎಲ್ಲರೂ ಜೊತೆಗೆ ನಿಂತು ಇನ್ನೊಂದು ಫೋಟೋ.

"ಊಂ," ಎಂದ ಮುನೀಂದ್ರ. "ಊಂ. ಎಲ್ಲಾ ರೆಡಿ ಐತೆ."

ಫೋನು ಜೇಬಿಗಿಟ್ಟ. ಆಮೇಲೆ ಪಾನಾಗಳ ಡಬ್ಬ ತೆಗೆದ.

"ಆ ಆಂಡ್ಲು ತಕಂಬಾ ತಾಯಿ."

"ಅಪ್ಪಾ..."

"ನಾಳೆ ಒಂದಿನ ಕಣಮ್ಮ. ಅಷ್ಟ್ ಜನ ಬತ್ತಾವ್ರೆ, ನಾನೇನಂತ ಮಕ ತೋರ್ಸ್ಲಿ? ನಾಳಿದ್ದು ನಾನೇ ನಿಂಗೆ ಸಣ್ಣದು ಆಕ್ಕೊಡ್ತೀನಿ. ಆಮ್ಯಾಕೆ ಜೀವ್ನಪೂರ್ತಿ ಅದ್ನೇ ಓಡ್ಸು. ನಾಳೆ ಒಂದಿನ."

ಅವಳ ಹತ್ತಿರ ಇದ್ದದ್ದೂ ನಾಳೆ ಒಂದೇ ದಿನ. ಅದು ಅವನಿಗೂ ಗೊತ್ತಿತ್ತು. ಅಮ್ಮ ಟೇಪನ್ನು ಸುತ್ತುತ್ತ ಒಳಗೆ ಹೋದಳು. ಲಿಖಿತ ಮಂಚದ ಕೆಳಗಿನಿಂದ ಟವೆಲಿನ ಗಂಟು ತಂದಳು, ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಭದ್ರವಾಗಿ ಹಿಡಿದು ನಿಂತಳು. ಇಲ್ಲ ಎಂದುಬಿಡಬಹುದಿತ್ತು. ಬಾಯಿ ಬರಲಿಲ್ಲ. ಅಪ್ಪ ಬೈದಿದ್ದರೆ, ಕೂಗಾಡಿದ್ದರೆ ಬರುತ್ತಿತ್ತೇನೋ. ಅವನು ಬೇಡುವವನ ಹಾಗೆ ಕೇಳಿದ್ದ.

ಮುನೀಂದ್ರ ಅವಸರ ಮಾಡಲಿಲ್ಲ. ಸಣ್ಣದನ್ನು ಬಿಚ್ಚಿಟ್ಟು, ದೊಡ್ಡದರ ಒಂದೊಂದೇ ಬೋಲ್ಟನ್ನು ಬಿಗಿಮಾಡಿದ, ಬ್ರೇಕಿನ ವೈರುಗಳನ್ನು ಜೋಡಿಸಿದ, ಕೈ ಹಿಡಿಯುವ ಕಡೆ ಅಂಟುಪಟ್ಟಿ ಸುತ್ತಿದ. ಕೊನೆಗೆ ಸ್ಕೇಲು ತಂದು ನಡುವಿನಿಂದ ಎಡಕ್ಕೆ ಅಳೆದ, ನಡುವಿನಿಂದ ಬಲಕ್ಕೆ ಅಳೆದ, ಒಂದು ಕೂದಲಷ್ಟು ಸರಿಸಿ ಮತ್ತೆ ಅಳೆದ.

"ನೋಡಮ್ಮ, ಎಲ್ಡೂ ಕಡೆ ಸಮ ಐತಾ?"

ಲಿಖಿತ ಬಗ್ಗಿ ನೋಡಿದಳು. ಎರಡೂ ಕಡೆ ಸರಿಯಾಗಿ ಇಪ್ಪತ್ತೆರಡು.

"ಊಂ ಅಪ್ಪಾ," ಎಂದಳು. "ಸಮ ಐತೆ."