ಗೊನೆ ಇಳಿಸಿದ ಕತ್ತದ ಹಗ್ಗ

ನಾನು ಒಂದು ಕತ್ತದ ಹಗ್ಗ. ಈಗ ನೋಡಿದರೆ ಇಲಿ ಕಚ್ಚಿ ಬಿಟ್ಟ ತುಂಡು ಅಂತೀರಿ. ಅನ್ನಿ, ಬೇಜಾರಿಲ್ಲ. ಆದರೆ ಒಂದು ಕಾಲಕ್ಕೆ ನಾನು ಹದಿನಾಲ್ಕು ಮಾರು ಉದ್ದವಿದ್ದೆ.

ನಾನು ಹುಟ್ಟಿದ್ದು ಕುಂದಾಪುರದ ಕಡೆಯ ಒಂದು ಕುದ್ರುವಿನಲ್ಲಿ. ಹೊಳೆ ಕಡಲು ಸೇರುವಲ್ಲಿ, ಸುತ್ತ ನೀರು, ನಡುವೆ ಒಂಬತ್ತು ಮನೆ. ಗುಲಾಬಿ ಪೂಜಾರ್ತಿ ತೆಂಗಿನ ಸಿಪ್ಪೆಯನ್ನು ಕೆಸರಿನಲ್ಲಿ ಕೊಳೆಹಾಕಿ, ಬಡಿದು, ನಾರು ಬಿಡಿಸಿ, ಅಂಗೈಯಲ್ಲಿ ತಿಕ್ಕಿ ತಿಕ್ಕಿ ನನ್ನನ್ನು ಹೊಸೆದಳು. ಅಷ್ಟು ಹೊತ್ತೂ ಅವಳ ಬಾಯಿ ಸುಮ್ಮನಿರಲಿಲ್ಲ. ನೆರೆಮನೆಯ ಸುದ್ದಿಯೆಲ್ಲ ನನ್ನ ಮೂರು ಎಳೆಗಳೊಳಗೆ ಸೇರಿಹೋಯಿತು. ನಾನು ಇಷ್ಟು ಮಾತಾಡುವುದು ಅದಕ್ಕೇ.

ಎಂಥಾ ದಿನಗಳು ಅವು! ದೋಣಿ ಕಟ್ಟಿದೆ, ಬಾವಿಗಿಳಿದೆ, ಎಮ್ಮೆಯ ಕೊರಳಿಗೂ ಬಿದ್ದೆ. ಎಮ್ಮೆ ನನ್ನನ್ನು ನೆಕ್ಕುತ್ತಿತ್ತು, ಛೀ! ಸಂಜೆ ಹೊಳೆ ಏರುವಾಗ ದೋಣಿ ನನ್ನನ್ನು ಜಗ್ಗುತ್ತಿತ್ತು, ನಾನು ದೋಣಿಯನ್ನು ಜಗ್ಗುತ್ತಿದ್ದೆ. ಮೇಲೆ ತೆಂಗಿನ ಗರಿಗಳು ಸರಸರ ಅನ್ನುತ್ತಿದ್ದವು. ಆ ಸದ್ದು ನಿಲ್ಲಬಹುದು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಒಂದು ಮೇ ತಿಂಗಳಲ್ಲಿ ಚಂಡಮಾರುತ ಬಂದು ಅದನ್ನು ನಿಲ್ಲಿಸಿಬಿಟ್ಟಿತು. ಬೆಳಗಾದಾಗ ಕುದ್ರು ಬೋಳು. ಕಾಯಿ ಬಿಡುವ ಮರ ಉಳಿದದ್ದು ಗುಲಾಬಿಯ ಹಿತ್ತಲಿನಲ್ಲಿ ಒಂದೇ ಒಂದು. ಅದೂ ಅರ್ಧ ಬೇರು ಹೊರಗೆ ಹಾಕಿ, ಹೊಳೆಯ ಕಡೆಗೆ ವಾಲಿತ್ತು.

ಯಾರೋ ಪುಣ್ಯಾತ್ಮರು ಬೇರೆ ಕಡೆಯಿಂದ ದೋಣಿ ತುಂಬ ತೆಂಗಿನ ಸಸಿ ತಂದುಕೊಟ್ಟರು. ಎಲ್ಲರೂ ನೆಟ್ಟರು. ಆದರೆ ನಮ್ಮ ಹೊಳೆ ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಸಿಹಿನೀರಿನ ಸಸಿಗಳಿಗೆ ಅದು ಒಗ್ಗುವುದು ಕಷ್ಟ. ಒಂದೊಂದೇ ಹಳದಿಯಾಗಿ ಸುಟ್ಟುಹೋದವು. ಉಪ್ಪು ಕುಡಿದೇ ಬೆಳೆದದ್ದು ಆ ವಾಲಿದ ಮರ. ಅದು ಬೀಳುವ ಮೊದಲು ಅದರ ಬೀಜ ಸಿಕ್ಕಿದರೆ ಕುದ್ರುವಿಗೆ ತೆಂಗು, ಇಲ್ಲದಿದ್ದರೆ ಇಲ್ಲ. ಗಾಳಿಗೆ ಉದುರದೆ ಉಳಿದದ್ದು ಮೂರೇ ಗೊನೆ. ಅದರಲ್ಲಿ ಒಂದು ಬಲಿತು ಕಂದಾಗಿತ್ತು.

ಬಚ್ಚ ಪೂಜಾರಿ ಮರ ಹತ್ತಿದ. ನಲವತ್ತು ವರ್ಷ ಮರ ಹತ್ತಿದ ಆಸಾಮಿ. ಕತ್ತಿ ಬೀಸಿದ, ಗೊನೆಯನ್ನು ಧೊಪ್ಪನೆ ಕೆಳಗೆ ಹಾಕಿದ.

"ಅಯ್ಯೋ ಬಚ್ಚ, ಎಂತ ಮಾಡ್ದೆ ಮಾರಾಯ! ಬೀಜಕ್ಕೆ ಅಂದೇಳಿ ಹೇಳಿದ್ದಿಲ್ಯಾ?"

"ಕೈಗೆ ಎಂತ ಗೊತ್ತಿತ್ತ್ ಗುಲಾಬಕ್ಕ? ಅದ್ಕ್ ಬಿಸಾಡುದೊಂದೇ ಗೊತ್ತ್."

ಬೀಜದ ಕಾಯಿ ಎತ್ತರದಿಂದ ಬಿದ್ದರೆ ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಮೊಳಕೆ ಸತ್ತುಹೋಗುತ್ತದೆ. ಗುಲಾಬಿ ಹನ್ನೆರಡೂ ಕಾಯಿಗಳನ್ನು ಮರಳಿನಲ್ಲಿ ಹೂತು ದೀಪಾವಳಿಯವರೆಗೆ ನೀರು ಹಾಕಿದಳು. ಒಂದೂ ಮೊಳೆಯಲಿಲ್ಲ. ಬಚ್ಚ ಆ ಹಿತ್ತಲ ಕಡೆ ತಲೆ ಹಾಕುವುದನ್ನೇ ಬಿಟ್ಟ.

ಉಳಿದೆರಡು ಗೊನೆ ಬಲಿತಾಗ ಗುಲಾಬಿಯೇ ಹೋಗಿ ಅವನನ್ನು ಕರೆತಂದಳು. ಗೊನೆಗೆ ಕಟ್ಟಿ ಇಳಿಸಲು ಆಚೆ ಮನೆಯವರು ನೈಲಾನ್ ಹಗ್ಗ ಕೊಟ್ಟರು. ಬಚ್ಚ ಅದನ್ನು ಎಳೆದು ನೋಡಿ, ಜಾರುತ್ತದೆ ಅಂತ ಪಕ್ಕಕ್ಕಿಟ್ಟು ನನ್ನನ್ನು ಎತ್ತಿಕೊಂಡ. ನನಗಾದ ಖುಷಿ ಹೇಳತೀರದು!

"ತೊಟ್ಲಿಂದ ಶಿಶು ಇಳ್ಸಿದಂಗ್ ಇಳ್ಸ್ ಕಾಂಬ," ಅಂದಳು ಗುಲಾಬಿ.

ಅವನು ಹತ್ತುವಾಗ ಮರ ಕಿರ್ರೆಂದಿತು. ನನಗೂ ಆಗ ವಯಸ್ಸಾಗಿತ್ತು, ಒಂದು ಎಳೆ ಸವೆದಿತ್ತು. ಮೊದಲ ಗೊನೆ ಸಲೀಸಾಗಿ ಇಳಿಯಿತು. ಎರಡನೆಯದು ಅರ್ಧ ದಾರಿಯಲ್ಲಿದ್ದಾಗ ಆ ಎಳೆ ಪಟ್ಟನೆ ಹರಿಯಿತು. ಬಚ್ಚ ನನ್ನನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿದ. ಬಿಡಬೇಡ ಮಾರಾಯ, ನಾನೂ ಬಿಡುವುದಿಲ್ಲ ಅಂತ ಒಳಗೊಳಗೇ ಕೂಗಿದೆ. ಅವನು ಬೆರಳಗಲ ಬೆರಳಗಲವೇ ನನ್ನನ್ನು ಸಡಿಲ ಬಿಟ್ಟ. ಗೊನೆ ಗುಲಾಬಿಯ ಕೈಗೆ ತಾಗಿತು. ಅವನು ಇಳಿದು ಬಂದು, ಮರಕ್ಕೆ ಬೆನ್ನು ಕೊಟ್ಟು ಕೂತು ಅತ್ತುಬಿಟ್ಟ. ಮುಂದಿನ ಮಳೆಗಾಲದಲ್ಲಿ ಆ ಮರ ಹೊಳೆಗೆ ಬಿತ್ತು.

ಹದಿನೆಂಟು ಕಾಯಿ ಮೊಳೆತವು. ಮನೆಗೆ ಎರಡರಂತೆ ಹಂಚಿದರು. ಗಾಳಿಗೆ ಅಲುಗಾಡದಂತೆ ಸಸಿಗಳನ್ನು ಗೂಟಕ್ಕೆ ಕಟ್ಟಲು ನನ್ನನ್ನು ತುಂಡು ತುಂಡು ಮಾಡಿದರು. ನೋವಾಗಲಿಲ್ಲ ಅಂದರೆ ಸುಳ್ಳು. ಬಚ್ಚ ಮಾತ್ರ ತನ್ನ ಪಾಲು ಕೇಳಲು ಬರಲಿಲ್ಲ. ಗುಲಾಬಿ ಎರಡು ಸಸಿ, ಎರಡು ತುಂಡು ಹಗ್ಗ ಹಿಡಿದು ಅವನ ಅಂಗಳಕ್ಕೆ ನಡೆದಳು. ಅದರಲ್ಲಿ ಒಂದು ತುಂಡು ನಾನು.

"ನಂಗ್ ಬೇಡ ಗುಲಾಬಕ್ಕ. ಹನ್ನೆರಡ್ ಕಾಯಿ ಕೊಂದವ ನಾನ್."

"ಬಾಯ್ ಮುಚ್ಚ್. ಉಳ್ದದ್ದ್ ಇಳ್ಸಿದ್ ಯಾರ್, ಕಾಗೆಯಾ? ಹೊಂಡ ತೋಡ್."

ಎರಡು ವರ್ಷಕ್ಕೆ ಸಸಿ ತಾನಾಗಿ ನಿಂತಿತು. ಬಚ್ಚ ನನ್ನನ್ನು ಬಿಚ್ಚಿ, ಎಸೆಯದೆ ಜಗಲಿಯ ಮೊಳೆಗೆ ನೇತುಹಾಕಿದ. ಅಲ್ಲಿಂದಲೇ ನಾನು ಅಂಗಳ ನೋಡುತ್ತೇನೆ. ಗರಿಗಳ ಸರಸರ ಮತ್ತೆ ಶುರುವಾಗಿದೆ. ಹಳೆಯದರಷ್ಟು ಜೋರಿಲ್ಲ, ಆದರೂ ಕೇಳುತ್ತಾ ಕಣ್ಣು ತುಂಬುತ್ತದೆ, ಹಗ್ಗಕ್ಕೆ ಕಣ್ಣೆಲ್ಲಿ ಅಂತ ಕೇಳಬೇಡಿ.

ಏಳನೇ ವರ್ಷ ಆ ಮರ ಮೊದಲ ಗೊನೆ ಬಿಟ್ಟಿತು. ಬಚ್ಚನ ಮಂಡಿ ಹೋಗಿ ಮರ ಹತ್ತುವುದು ನಿಂತು ವರ್ಷಗಳೇ ಆಗಿದ್ದವು. ಆದರೆ ಎಳೆಯ ಮರ ಗಿಡ್ಡ ನೋಡಿ, ಗೊನೆ ಅವನ ಎದೆಯ ಎತ್ತರದಲ್ಲೇ ಇತ್ತು. ಅದು ಬಲಿಯುವವರೆಗೆ ಕಾದ. ಒಂದು ಬೆಳಗ್ಗೆ ಕೊಯ್ದು ಎರಡೂ ಕೈಯಲ್ಲಿ ಹಿಡಿದು ನಿಂತ. ಆಮೇಲೆ ನೋಯುವ ಮಂಡಿ ಊರಿ, ಬೆನ್ನು ಬಗ್ಗಿಸಿ, ಗೊನೆಯನ್ನು ನೆಲಕ್ಕಿಟ್ಟ. ಸದ್ದೇ ಆಗಲಿಲ್ಲ. ಅಷ್ಟು ಮೆಲ್ಲಗೆ ನಾನೂ ಇಳಿಸಿರಲಿಲ್ಲ.