ಮೇಸ್ತ್ರಿ ಅಜ್ಜನ ಗೋಡೆ

ಫೋನಿನ ಪರದೆಯಲ್ಲಿದ್ದ ಮುದುಕಿ ಆ ಮಾತನ್ನು ಇನ್ನೊಂದು ಸಲ ಹೇಳಿದ್ದೇ ತಡ, ಸಿಮೆಂಟ್ ಚೀಲದ ಮೇಲೆ ಕೂತಿದ್ದ ದೊಡ್ಡಕ್ಕ ಧಡಕ್ಕನೆ ಎದ್ದಳು. ಎದ್ದ ರಭಸಕ್ಕೆ ಗಲ್ಲಾದ ಮೇಲಿದ್ದ ಲೋಟ ಉರುಳಿ, ಟೈಲ್ಸ್ ಮಾದರಿಗಳ ಮೇಲೆಲ್ಲ ಟೀ ಹರಿಯಿತು.

"ಮೇಸ್ತ್ರಿ! ಮೇಸ್ತ್ರಿ ಅಂದ್ರಾ ನೀವು? ಇನ್ನೊಂದ್ಸಲ ಹೇಳಿ!"

ಆ ಮುದುಕಿ ಇದ್ದದ್ದು ಪೋರ್ಚುಗಲ್ಲಿನ ಒಂದು ಕಡಲ ಹಳ್ಳಿಯಲ್ಲಿ. ಅವಳಿಗೆ ಕನ್ನಡ ಬಾರದು, ದೊಡ್ಡಕ್ಕನಿಗೆ ಪೋರ್ಚುಗೀಸ್ ಬಾರದು. ಇಬ್ಬರ ನಡುವೆ ದಲ್ಲಾಳಿ ಕೆಲಸ ಮಾಡುತ್ತಿದ್ದದ್ದು ಫೋನಿನೊಳಗಿನ ಭಾಷಾಂತರದ ಆ್ಯಪ್. ಅದು ಸ್ವಲ್ಪ ಹೊತ್ತು ಗಿರಗಿರನೆ ಸುತ್ತಿ, ಸುದ್ದಿ ಓದುವವರ ಗತ್ತಿನಲ್ಲಿ ಹೇಳಿತು: "ನನ್ನ ಮುತ್ತಜ್ಜಿಯ ಅಣ್ಣನು ಮೇಷ್ಟ್ರು ಆಗಿದ್ದನು. ಹಡಗು ಹತ್ತಿ ಹೋದವನು ಮರಳಿ ಬರಲಿಲ್ಲ."

"ಮೇಷ್ಟ್ರಲ್ಲ ಕಣೇ, ಮೇಸ್ತ್ರಿ!" ದೊಡ್ಡಕ್ಕ ಆ್ಯಪನ್ನೇ ಗದರಿಸಿದಳು. "ಪಾಠ ಹೇಳೋನಲ್ಲ, ಗೋಡೆ ಕಟ್ಟೋನು!"

ಅವಳು ಹೀಗೆ ಹಾರಾಡಿದ್ದಕ್ಕೆ ಕಾರಣವಿತ್ತು. ಅವರದು ಮೇಸ್ತ್ರಿ ಮನೆ. ಅಪ್ಪ ಮೇಸ್ತ್ರಿ, ಅವನಪ್ಪ ಮೇಸ್ತ್ರಿ, ಅಜ್ಜ ಮೇಸ್ತ್ರಿ. ದೊಡ್ಡಕ್ಕನ ತಮ್ಮ ಕಂಟ್ರಾಕ್ಟರ್ ಎಂದು ಬೋರ್ಡು ಹಾಕಿಸಿಕೊಂಡಿದ್ದರೂ ಜನರ ಬಾಯಲ್ಲಿ ಮೇಸ್ತ್ರಿಯೇ. ದೊಡ್ಡಕ್ಕ ಕಟ್ಟಡ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಳು. ಈ ಎಲ್ಲರ ಬುಡದಲ್ಲಿ ಇದ್ದವನು ಅಪ್ಪನ ಮುತ್ತಜ್ಜ. ಪೋರ್ಚುಗಲ್ಲಿನಿಂದ ಬಂದು ಈ ಬಂದರಿನಲ್ಲಿ ಇಳಿದು, ಇಲ್ಲಿನವಳನ್ನೇ ಮದುವೆಯಾಗಿ, ಹಿತ್ತಲಿಗೊಂದು ಕಲ್ಲಿನ ಗೋಡೆಯನ್ನು ತನ್ನ ಕೈಯಾರೆ ಎಬ್ಬಿಸಿದವನು. ಇಳಿದ ದಿನದಿಂದಲೂ ಊರಿಗೆಲ್ಲ ಅವನು ಮೇಸ್ತ್ರಿ, ಮನೆಯವರಿಗೆ ಮೇಸ್ತ್ರಿ ಅಜ್ಜ.

ಎಂಬತ್ತಾರು ತುಂಬಿದ ಅಪ್ಪನಿಗೆ ಮೇಸ್ತ್ರಿ ಅಜ್ಜನೆಂದರೆ ಪ್ರಾಣ. ಮನೆಗೆ ಯಾರೇ ಬರಲಿ, ಕಾಫಿ ಬರುವ ಮೊದಲೇ ಅಜ್ಜ ಬಂದುಬಿಡುತ್ತಿದ್ದ. "ಈ ಕೆಲಸ ನಾವು ಕಲ್ತಿದ್ದಲ್ಲ, ರಕ್ತದಲ್ಲೇ ಬಂದಿದ್ದು" ಎಂದು ಅಪ್ಪ ಎದೆ ಸೆಟೆಸುತ್ತಿದ್ದ. ಮುಜುಗರ ತರುತ್ತಿದ್ದದ್ದು ಆ ಗೋಡೆಯೊಂದೇ. ಅದು ನಡುವೆ ಹೊಟ್ಟೆ ಬಿಟ್ಟುಕೊಂಡು ಹಿತ್ತಲ ಕಡೆಗೆ ವಾಲಿತ್ತು. ಕಂಡವರು ಹುಬ್ಬೇರಿಸಿದರೆ ಅಪ್ಪನ ಉತ್ತರ ಸಿದ್ಧವಾಗಿರುತ್ತಿತ್ತು: "ಅಲ್ಲೊಂದು ದೊಡ್ಡ ಮರ ಇತ್ತು, ಬೇರು ತಳ್ಳಿಬಿಡ್ತು."

ಈಚೆಗೆ ಅಪ್ಪನಿಗೆ ಒಂದೇ ಹಂಬಲ. "ಆ ದೇಶದಲ್ಲಿ ಅವನು ಕಟ್ಟಿದ್ದು ಒಂದಾದ್ರೂ ನಿಂತಿರುತ್ತೆ. ಚರ್ಚೋ, ಸೇತುವೆನೋ. ಹುಡುಕಿ ಒಂದು ಫೋಟೋ ತೋರಿಸಿಬಿಡೇ ಮಗಳೇ, ಕಣ್ಣು ಮುಚ್ಚೋದ್ರೊಳಗೆ ನೋಡ್ತೀನಿ" ಎಂದು ಮಗಳ ಕೈಹಿಡಿದು ಕೇಳಿದ್ದ. ದೊಡ್ಡಕ್ಕ ಯೋಚಿಸದೆ ಮಾತು ಕೊಟ್ಟುಬಿಟ್ಟಿದ್ದಳು.

ಮಾತು ಕೊಡುವುದೇನೋ ಸುಲಭ. ಬಂದರಿನ ಹಳೆಯ ಕಚೇರಿಯ ದಾಖಲೆ ಕೋಣೆಗೆ ಅಲೆದು ಅಲೆದು ಅವಳ ಎರಡು ಜೊತೆ ಚಪ್ಪಲಿ ಸವೆದವು. ಅಜ್ಜನಿಗಿದ್ದ ಹೆಸರಾದರೋ, ಆ ದೇಶದಲ್ಲಿ ಬೀದಿಗೆ ಹತ್ತು ಜನ ಇಟ್ಟುಕೊಳ್ಳುವಂಥದ್ದು. ಕಸುಬಿನಿಂದ ಗುರುತು ಹಿಡಿಯೋಣವೆಂದು ಬಂದಿಳಿದ ಕಲ್ಲುಕೆಲಸದವರನ್ನೆಲ್ಲ ಜಾಲಾಡಿದಳು. ಒಬ್ಬ ಬೇರೆ ಊರಿಗೆ ಹೋದವನು, ಒಬ್ಬ ಮದುವೆಯೇ ಆಗದೆ ಸತ್ತವನು, ಇನ್ನೊಬ್ಬ ಅಜ್ಜನಿಗಿಂತ ನಲವತ್ತು ವರ್ಷ ದೊಡ್ಡವನು. "ಕಲ್ಲುಕೆಲಸದವರಲ್ಲಿ ನಿಮ್ಮಜ್ಜ ಇಲ್ಲ ಕಣ್ರೀ" ಎಂದು ದಾಖಲೆ ಕೋಣೆಯ ಮೇಡಂ ಕೈಚೆಲ್ಲಿದರು.

ಆಮೇಲೆಯೇ ಡಿಎನ್‌ಎ ಪರೀಕ್ಷೆಯ ಯೋಚನೆ ಬಂದದ್ದು. ಅಂಚೆಯಲ್ಲಿ ಬಂದ ನಳಿಕೆಗೆ ಅಪ್ಪ ಉಗುಳಬೇಕಿತ್ತು. "ಎಂಬತ್ತಾರು ವರ್ಷ ಯಾರ ಮೇಲೂ ಉಗೀದೆ ಬಾಳ್ದೋನು ನಾನು. ಈಗ ಮಗಳು ಉಗಿ ಅಂತಾಳೆ" ಎಂದು ಅವನು ರಂಪ ಮಾಡಿದ. ಕೊನೆಗೆ ಹುಣಸೆಹಣ್ಣು ತೋರಿಸಿ ಬಾಯಲ್ಲಿ ನೀರೂರಿಸಿ ನಳಿಕೆ ತುಂಬಿಸಬೇಕಾಯಿತು. ತಿಂಗಳುಗಳು ಕಳೆದ ಮೇಲೆ ಉತ್ತರ ಬಂತು: ಅಪ್ಪನ ರಕ್ತಕ್ಕೆ ಹೊಂದುವ ಒಬ್ಬ ಹೆಂಗಸು ಪೋರ್ಚುಗಲ್ಲಿನಲ್ಲಿದ್ದಾಳೆ, ಇಬ್ಬರ ಮುತ್ತಜ್ಜ ಮುತ್ತಜ್ಜಿಯರು ಒಡಹುಟ್ಟಿದವರಾಗಿರಬಹುದು. ಅವಳೇ ಈಗ ಪರದೆಯಲ್ಲಿದ್ದ ಮುದುಕಿ. ಸಂಬಂಧದಲ್ಲಿ ಏನಾಗಬೇಕೆಂದು ದೊಡ್ಡಕ್ಕ ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕಿ, ಎರಡು ಸಲ ತಪ್ಪಿ, ಕೊನೆಗೆ ಸುಮ್ಮನೆ "ಅತ್ತೆ" ಎಂದುಬಿಟ್ಟಿದ್ದಳು.

ಫೋನಿನ ಅತ್ತೆಗೆ ದೊಡ್ಡಕ್ಕ ಈಗ ಗಾಳಿಯಲ್ಲೇ ಕಲ್ಲಿನ ಮೇಲೆ ಕಲ್ಲಿಟ್ಟು, ಕರಣೆಯಲ್ಲಿ ಗಾರೆ ಬಳಿದು ತೋರಿಸಿದಳು. ಅತ್ತೆ ಅದನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಜೋರಾಗಿ ತಲೆಯಾಡಿಸಿದಳು, ಅಡ್ಡಡ್ಡ. ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, ಎರಡೂ ಮುಷ್ಟಿ ಬಿಗಿದು, ಏನನ್ನೋ ತನ್ನ ಕಡೆಗೆ ಎಳೆದಳು. ಮತ್ತೆ ಬಾಗಿದಳು, ಮತ್ತೆ ಎಳೆದಳು. ದೋಣಿಗೆ ಹುಟ್ಟು ಹಾಕುತ್ತಿದ್ದಳು.

ಗಾರೆ ಬಳಿಯುತ್ತಿದ್ದ ದೊಡ್ಡಕ್ಕನ ಕೈ ಗಾಳಿಯಲ್ಲೇ ನಿಂತಿತು.

"ನಮ್ಮ ಊರಲ್ಲಿ ದೋಣಿಯ ಯಜಮಾನನನ್ನು ಮೇಷ್ಟ್ರು ಎಂದು ಕರೆಯುತ್ತಾರೆ" ಎಂದಿತು ಆ್ಯಪ್. "ಅವನು ಮೀನಿನ ದೋಣಿ ನಡೆಸುತ್ತಿದ್ದನು. ನಮ್ಮ ಮನೆಯಲ್ಲಿ ಎಲ್ಲರೂ ದೋಣಿಯವರು. ಯಾರೂ ಗೋಡೆ ಕಟ್ಟಿಲ್ಲ."

ಮರುದಿನ ದಾಖಲೆ ಕೋಣೆಯ ಬಾಗಿಲು ತೆರೆಯುವುದನ್ನೇ ದೊಡ್ಡಕ್ಕ ಕಾದು ನಿಂತಿದ್ದಳು. ಮೇಡಂ ಅವಳ ಮುಖ ಕಂಡದ್ದೇ ಉಸ್ಸೆಂದರು.

"ಮತ್ತೆ ಕಲ್ಲುಕೆಲಸದವರಾ?"

"ಅಲ್ಲ ಮೇಡಂ. ಈ ಸಲ ದೋಣಿಯವರದ್ದು ಕೊಡಿ."

ಇಷ್ಟು ಕಾಲ ಅವಳನ್ನು ಆಟ ಆಡಿಸಿದ ಅಜ್ಜ, ಸರಿಯಾದ ಕಡೆ ಕೈಯಿಟ್ಟ ಮೇಲೆ ಮಧ್ಯಾಹ್ನದೊಳಗೇ ಸಿಕ್ಕಿಬಿಟ್ಟ. ಅದೇ ಹೆಸರು, ಹೊಂದುವ ವಯಸ್ಸು, ಫೋನಿನ ಅತ್ತೆಯ ಅದೇ ಹಳ್ಳಿ. ಊರಲ್ಲಿ ಬಿಟ್ಟುಬಂದವರು ಯಾರು ಎಂಬುದಕ್ಕೆ ತಂಗಿಯ ಹೆಸರು ಬರೆಸಿದ್ದ. ಅತ್ತೆ ಹೇಳಿದ್ದ ಮುತ್ತಜ್ಜಿಯ ಹೆಸರೇ ಅದು. ದೊಡ್ಡಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಹಾಗೇ ಕೂತಳು, ಕಣ್ಣಲ್ಲಿ ನೀರು ತುಂಬಿ ಅಕ್ಷರ ಮಸುಕಾಯಿತು. ಅಜ್ಜ ಕಟ್ಟುಕತೆಯಲ್ಲ. ನಿಜವಾಗಿ ಬಂದಿದ್ದ, ಇದೇ ಬಂದರಿನಲ್ಲಿ ಇಳಿದಿದ್ದ.

ಹೆಗಲ ಮೇಲಿಂದ ಬಗ್ಗಿ ಓದಿದ ಮೇಡಂ ಕಿಸಕ್ಕನೆ ನಕ್ಕರು. "ಇಲ್ನೋಡಿ. ಕಸುಬೇನು ಅಂದಿದಾರೆ, ಅವನು ಮೆಸ್ತ್ರೆ ಅಂದಿದಾನೆ, ಬರ್ಕೊಂಡೋನಿಗೆ ಆ ಭಾಷೆ ಗೊತ್ತಿತ್ತೇನೋ, ದೋಣಿಯವರ ಪಟ್ಟೀಲಿ ಹಾಗೇ ಬರ್ಕೊಂಡಿದಾನೆ. ಪಕ್ಕದಲ್ಲಿ ಬೇರೆ ಕೈ: 'ಬಂದರಿನ ಗೋಡೆ ಕೆಲಸಕ್ಕೆ ಕಳಿಸಿದೆ' ಅಂತ. ಕೆಲಸಕ್ಕೆ ಕಳಿಸಿದೋನಿಗೆ ಮೇಸ್ತ್ರಿ ಅಂತ ಕೇಳಿಸಿದೆ ಕಣ್ರೀ! ಅವನ ತಪ್ಪೂ ಅಲ್ಲ. ಚಾವಿ, ಇಸ್ತ್ರಿ, ಪಗಾರ ಇದ್ದಹಾಗೆ ನಮ್ಮ ಮೇಸ್ತ್ರಿನೂ ಪೋರ್ಚುಗೀಸರಿಂದ ಬಂದ ಮಾತೇ. ಮಾತು ಒಂದೇ, ಇಲ್ಲಿಗೆ ಬರೋಷ್ಟೊತ್ತಿಗೆ ದೋಣಿ ಇಳಿದು ಗೋಡೆ ಹತ್ತಿತ್ತು."

ದೊಡ್ಡಕ್ಕನಿಗೂ ನಗು ಬಂತು. ಭಾಷೆ ಬಾರದ ದೋಣಿಯವನೊಬ್ಬ, ಕೈಗೆ ಕರಣೆ ಕೊಟ್ಟವರ ಮುಖವನ್ನೇ ಪಿಳಿಪಿಳಿ ನೋಡುತ್ತ ನಿಂತದ್ದು ಅವಳ ಕಣ್ಣಿಗೆ ಕಟ್ಟಿತು. ಆದರೆ ಮನೆಯ ತಿರುವು ಬರುವ ಹೊತ್ತಿಗೆ ನಗು ಇಂಗಿಹೋಗಿತ್ತು. ಕೈಯಲ್ಲಿ ಅಜ್ಜನಿದ್ದ, ಅಪ್ಪ ಕೇಳಿದ ಫೋಟೋ ಇರಲಿಲ್ಲ. ಚರ್ಚೂ ಇಲ್ಲ, ಸೇತುವೆಯೂ ಇಲ್ಲ.

ಸುದ್ದಿ ಕೇಳಿದ ತಮ್ಮ ಅವಳನ್ನು ಗೇಟಿನಲ್ಲೇ ತಡೆದ. "ಅಪ್ಪಂಗೆ ಹೇಳ್ಬೇಡ ಅಕ್ಕಾ. ಆ ಅಜ್ಜನ ಹೆಸರಲ್ಲೇ ಉಸಿರು ಹಿಡ್ಕೊಂಡಿದಾನೆ. ಮೇಸ್ತ್ರಿನೇ ಅಲ್ಲ ಅಂದ್ರೆ ಎದೆ ಒಡ್ಕೊತಾನೆ. ಯಾವುದಾದ್ರೂ ಹಳೇ ಸೇತುವೆ ಫೋಟೋ ತೋರ್ಸಿ ಇದೇ ಅಂದ್ಬಿಡು."

"ಸುಳ್ಳು ಸೇತುವೆ ತೋರಿಸ್ಲಾ? ಇಷ್ಟು ಅಲೆದಿದ್ದು ಅದಕ್ಕೇನೋ?"

"ಕೊನೇ ಕಾಲದಲ್ಲಿ ಸಂತೋಷವಾಗಿರ್ಲಿ ಅಂತ ಹೇಳಿದೆ. ಆಮೇಲೆ ನಿನ್ನಿಷ್ಟ."

ತಮ್ಮನ ಮಾತು ತೆಗೆದುಹಾಕುವಂಥದ್ದಾಗಿರಲಿಲ್ಲ. ಹಿತ್ತಲಿಗೆ ಹೋಗುವಷ್ಟರಲ್ಲಿ ದೊಡ್ಡಕ್ಕ ಸುಳ್ಳು ಹೇಳುವುದೆಂದೂ ಹೇಳಬಾರದೆಂದೂ ಹತ್ತು ಸಲ ನಿರ್ಧಾರ ಬದಲಿಸಿದಳು. ಅಪ್ಪ ಬೆತ್ತದ ಕುರ್ಚಿಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ. ಮಗಳ ಮುಖ ನೋಡಿದ್ದೇ ಅವನಿಗೆ ಅರ್ಥವಾಗಿ ಹೋಯಿತು.

"ಸಿಕ್ಕಿದ್ನಾ?"

"ಸಿಕ್ಕಿದ ಅಪ್ಪ. ಹೆಸರು, ಊರು, ತಂಗಿ, ಎಲ್ಲ ತಾಳೆಯಾಯ್ತು. ಅವನೇ."

"ಅವನೇ!" ಅಪ್ಪ ಎರಡೂ ಕೈಯಿಂದ ತೊಡೆ ತಟ್ಟಿಕೊಂಡ. "ನನ್ ಮಗಳು ಅಂದ್ರೆ ಮಗಳು! ಹೇಳು, ಏನು ಕಟ್ಟಿದ್ದ ಅಲ್ಲಿ?"

ಆ ಕಣ್ಣುಗಳ ಎದುರು ದೊಡ್ಡಕ್ಕನ ಬಾಯಿಗೆ ಸುಳ್ಳು ಬರಲಿಲ್ಲ.

"ಏನೂ ಕಟ್ಟಿಲ್ಲ ಅಪ್ಪ. ಅವನು ಮೇಸ್ತ್ರಿನೇ ಅಲ್ಲ. ಮೀನಿನ ದೋಣಿ ನಡೆಸೋನು." ನಡೆದದ್ದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ದೋಣಿಯ ಯಜಮಾನನಿಗೆ ಅಲ್ಲಿ ಏನನ್ನುತ್ತಾರೆ, ಬಂದರಿನವರಿಗೆ ಏನು ಕೇಳಿಸಿತು, ಅವನ ಕೈಗೆ ಕರಣೆ ಹೇಗೆ ಬಂತು, ಎಲ್ಲ.

ತಮ್ಮ ಬಾಗಿಲಲ್ಲಿ ನಿಂತು, ಆಯ್ತಲ್ಲ ಈಗ ಸಮಾಧಾನ ಎನ್ನುವಂತೆ ಅಕ್ಕನನ್ನು ದುರುಗುಟ್ಟಿದ. ಅಪ್ಪ ಕೋಲೂರಿ ಎದ್ದ. ನಿಧಾನವಾಗಿ ನಡೆದು ಗೋಡೆಯ ಬಳಿ ಹೋಗಿ ನಿಂತು, ತಿರುಗದೆಯೇ ಕೂಗಿದ.

"ಗುಂಡು ತಗೊಂಡ್ಬಾರೋ."

ಗೋಡೆಯ ನೇರ ನೋಡುವ ತೂಗುಗುಂಡನ್ನು ತಮ್ಮ ತನ್ನ ಚೀಲದಿಂದ ತಂದುಕೊಟ್ಟ. ಅಪ್ಪ ಅದರ ದಾರವನ್ನು ಗೋಡೆಯಲ್ಲಿದ್ದ ಮೊಳೆಗೆ ಸಿಕ್ಕಿಸಿ, ಹೊಟ್ಟೆಗೆ ತಾಗುವಂತೆ ಇಳಿಬಿಟ್ಟ. ಗುಂಡು ತೂಗಿ ತೂಗಿ ನಿಂತಿತು. ಕೆಳಗೆ ದಾರಕ್ಕೂ ಗೋಡೆಯ ಬುಡಕ್ಕೂ ನಡುವೆ ಒಂದು ಗೇಣು ಬಯಲು.

"ಇಲ್ಲಿ ಮರ ಇತ್ತು ಅಂತಿದ್ನಲ್ಲ," ಅಪ್ಪ ಮೆಲ್ಲಗೆ ಹೇಳಿದ. "ಯಾವ ಮರಾನೂ ಇರ್ಲಿಲ್ಲ. ನನ್ನಜ್ಜ ನನ್ನಪ್ಪಂಗೆ ಹೇಳ್ಕೊಟ್ಟಿದ್ದು, ಅಪ್ಪ ನನಗೆ ಹೇಳ್ಕೊಟ್ಟಿದ್ದು, ಕೇಳಿದೋರಿಗೆ ಮರ ಅನ್ನು ಅಂತ. ಪ್ರತಿ ಸಲ ಗಿಲಾವು ಮಾಡುವಾಗ ತಗ್ಗಿರೋ ಕಡೆ ದಪ್ಪ ಬಳಿದು ಮುಚ್ತಿದ್ವಿ. ಮೊದಲ ದಿನದಿಂದ ಈ ಗೋಡೆ ಸೊಟ್ಟಾನೇ ಕಣೇ. ಒಂದು ಕಲ್ಲೂ ನೆಟ್ಟಗೆ ಕೂತಿಲ್ಲ."

"ಗೊತ್ತಿತ್ತಾ ನಿಂಗೆ?"

"ಗೊತ್ತಿಲ್ದೆ? ಹೊರಗೆ ಎದೆ ತಟ್ಕೊಂಡು ಹೇಳ್ತಿದ್ದೆ. ಒಳಗೆ ಒಂದೇ ಹೆದರಿಕೆ. ಇಂಥಾ ಗೋಡೆ ಕಟ್ಟಿದೋನ ರಕ್ತ ಅಲ್ವಾ ನನ್ ಮೈಯಲ್ಲಿರೋದು, ಯಾವತ್ತಾದ್ರೂ ನನ್ ಕೈಯೂ ಹೀಗೇ ಸೊಟ್ಟ ಹೋದ್ರೆ ಅಂತ. ಅದಕ್ಕೇ ಯಾರೂ ಎರಡು ಸಲ ಗುಂಡು ಬಿಡದ ಕಡೆ ನಾನು ನಾಲ್ಕು ಸಲ ಬಿಡ್ತಿದ್ದೆ. ಅವನು ಅಲ್ಲಿ ಚೆನ್ನಾಗಿ ಕಟ್ಟಿದ್ದು ಒಂದಾದ್ರೂ ಕಂಡ್ರೆ ಈ ಹಾಳು ಹೆದರಿಕೆ ಹೋಗುತ್ತೆ ಅಂತ ಫೋಟೋ ಕೇಳಿದ್ದು."

ಅಪ್ಪನ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾನೆಂದು ತಮ್ಮ ಓಡಿಬಂದ. ಹತ್ತಿರ ಬಂದು ನೋಡಿದರೆ ಅಪ್ಪ ನಗುತ್ತಿದ್ದ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ದೊಡ್ಡಕ್ಕ ವರ್ಷಗಳಿಂದ ಕೇಳದಿದ್ದ ನಗೆ.

"ದೋಣಿಯೋನು! ಕರಣೆ ಯಾವ ಕಡೆಯಿಂದ ಹಿಡೀಬೇಕು ಅಂತ ಗೊತ್ತಿಲ್ದೋನು! ಅಂಥೋನು ಕಟ್ಟಿದ್ದು, ನೋಡೋ, ನೂರೈವತ್ತು ವರ್ಷ ಹತ್ತಿರ ಬಂತು, ನಿಂತಿದೆ! ದೋಣಿಯೋನಿಗೆ ಈ ಗೋಡೆ ಭೇಷ್ ಅಲ್ವೇನೋ?"

"ಭೇಷೇ ಅಪ್ಪ," ತಮ್ಮ ಬೆಪ್ಪಾಗಿ ನಿಂತು ಹೇಳಿದ.

"ರಕ್ತದಲ್ಲಿ ಬಂದಿದ್ದು ಇಷ್ಟೇ," ಅಪ್ಪ ಸೊಟ್ಟ ಗೋಡೆಯನ್ನು ಕೋಲಿನಿಂದ ತಟ್ಟಿದ. "ಮಿಕ್ಕಿದ್ದೆಲ್ಲ ನಾವು ಕಲ್ತಿದ್ದು. ನಾವೇ!" ಆ ಮಾತು ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು. "ಏನ್ ನೋಡ್ತಾ ನಿಂತಿದೀಯ? ಉಳಿ ಸುತ್ತಿಗೆ ತಾ. ಗಿಲಾವು ಪೂರ್ತಿ ಕಿತ್ತುಹಾಕು. ಇನ್ನು ಮುಚ್ಚೋದು ಬೇಡ. ಕಾಣ್ಲಿ."

ಸಂಜೆಯೊಳಗೆ ಹಿತ್ತಲ ತುಂಬ ಗಿಲಾವಿನ ಚಕ್ಕೆ ಬಿದ್ದಿತ್ತು. ತಮ್ಮ ಮೈಯೆಲ್ಲ ಬಿಳಿ ಮಾಡಿಕೊಂಡು, ಕಲ್ಲು ಕೂರಿಸಿದ ರೀತಿಗೆ ಹೆಜ್ಜೆಹೆಜ್ಜೆಗೂ ನಗುತ್ತ ಉಳಿ ಹೊಡೆದಿದ್ದ. ದೊಡ್ಡಕ್ಕ ಫೋನಿನ ಅತ್ತೆಗೆ ಕರೆ ಹಚ್ಚಿ, ಪರದೆಯನ್ನು ಗೋಡೆಯ ಉದ್ದಕ್ಕೂ ಮೆಲ್ಲಗೆ ನಡೆಸಿದಳು. ಅತ್ತೆ ಎರಡೂ ಕೈ ಕೆನ್ನೆಗೆ ಒತ್ತಿಕೊಂಡು ನೋಡಿದಳು. ಮುತ್ತಜ್ಜಿ ಬಾಗಿಲಲ್ಲಿ ನಿಂತು ಕಾದ ಅಣ್ಣನ ಕೈಗುರುತು ಈಗ ಅವಳ ಮೊಮ್ಮಗಳ ಮಗಳ ಕಣ್ಣೆದುರು ಇತ್ತು. ಅವಳು ಏನೋ ಕೇಳಿದಳು.

"ಇದನ್ನು ಕಟ್ಟಿದ್ದು ನಮ್ಮ ಮೇಷ್ಟ್ರಾ?" ಎಂದಿತು ಆ್ಯಪ್.

ಈ ಸಲ ದೊಡ್ಡಕ್ಕ ಅದನ್ನು ತಿದ್ದಲಿಲ್ಲ. ಅಪ್ಪ ಫೋನಿನ ಹತ್ತಿರ ಬಾಗಿ, ಕಿವುಡರಿಗೆ ಹೇಳುವಷ್ಟು ಜೋರಾಗಿ, "ಹೌದಮ್ಮಾ, ನಮ್ಮ ಮೇಷ್ಟ್ರೇ!" ಎಂದ.

ಆಮೇಲೆ ಅವನು ಕುರ್ಚಿಯನ್ನು ಗೋಡೆಯ ಪಕ್ಕಕ್ಕೇ ಎಳೆಸಿಕೊಂಡು ಕೂತ. ಬಿಸಿಲು ಹೀರಿದ ಕಲ್ಲು ಇನ್ನೂ ಬೆಚ್ಚಗಿತ್ತು. ಗೋಡೆ ಹೊಟ್ಟೆ ಬಿಟ್ಟುಕೊಂಡ ಕಡೆ ಅಪ್ಪ ಅಂಗೈಯನ್ನು ಅಗಲವಾಗಿ ಇಟ್ಟುಕೊಂಡಿದ್ದ. ತೆಗೆಯಲು ಎಲ್ಲರೂ ಮರೆತಿದ್ದ ತೂಗುಗುಂಡು ಪಕ್ಕದಲ್ಲಿ ಗಾಳಿಗೆ ಅತ್ತಿತ್ತ ಆಡುತ್ತಿತ್ತು.